ಹಲವರಲ್ಲಿ ಒಬ್ಬರು: ಉಮೇದುವಾರರ ಆಯ್ಕೆಯಲ್ಲಿ ಅಡಗಿರುವ ಗಣಿತ

ಚುನಾವಣೆಯ ಮಾತು ಬಂದಾಗ ನಾವು ರಾಜಕಾರಣವನ್ನು ನೆನೆಯುತ್ತೇವೆಯೇ ಹೊರತು ಗಣಿತವನ್ನು ನೆನೆಯುವುದಿಲ್ಲ. ಮತಗಳನ್ನು ಎಣಿಸುವುದಷ್ಟೇ ಗಣಿತದ ಕೆಲಸವೆಂದೂ, ಎಣಿಕೆಯೆಂದರೆ ಒಂದನೆಯ ತರಗತಿಯ ಪಾಠವೆಂದೂ ಅನೇಕರ ಭಾವನೆ. ಆದರೆ ಎಣಿಸುವ ಕ್ರಮ ಒಂದೇ ಅಲ್ಲ. ಅದೇ ಮತದಾರರು, ಅದೇ ಉಮೇದುವಾರರು, ಅದೇ ಮನಸ್ಸು ಇದ್ದರೂ ಎಣಿಸುವ ಕ್ರಮ ಬದಲಾದರೆ ಗೆಲ್ಲುವ ವ್ಯಕ್ತಿಯೂ ಬದಲಾಗಬಹುದು. ಇದು ಹೇಗೆ ಸಾಧ್ಯವೆಂಬುದನ್ನೂ, ಯಾರನ್ನು ಬೆಂಬಲಿಸಬೇಕೆಂದು ಯೋಚಿಸುವವನಿಗೆ ಇದರಿಂದ ದೊರೆಯುವ ತಿಳಿವಳಿಕೆಯನ್ನೂ ಈ ಲೇಖನದಲ್ಲಿ ವಿಚಾರ ಮಾಡೋಣ.

ಉಮೇದುವಾರರು ಇಬ್ಬರೇ ಆಗಿದ್ದರೆ ತೊಡಕಿಲ್ಲ. 2022ರ ಅಕ್ಟೋಬರಿನಲ್ಲಿ ಕಾಂಗ್ರೆಸ್ ಪಕ್ಷದ ಅಧ್ಯಕ್ಷ ಪದವಿಗೆ ಚುನಾವಣೆ ನಡೆದಾಗ ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆ ಅವರಿಗೆ 7,897 ಮತಗಳೂ ಶಶಿ ತರೂರ್ ಅವರಿಗೆ 1,072 ಮತಗಳೂ ಬಿದ್ದುವು. ಇಲ್ಲಿ ಹೆಚ್ಚು ಮತ ಪಡೆದವರೇ ಅರ್ಧಕ್ಕಿಂತ ಹೆಚ್ಚು ಮತ ಪಡೆದವರೂ ಹೌದು; ಯಾವ ಕ್ರಮದಿಂದ ಎಣಿಸಿದರೂ ಫಲ ಒಂದೇ. ಮೂರನೆಯವರು ಕಣಕ್ಕೆ ಇಳಿದಾಗಲೇ ಗಣಿತ ತನ್ನ ಆಟವನ್ನು ತೋರಿಸುತ್ತದೆ.

ನಾಲ್ಕು ತಾಲ್ಲೂಕುಗಳ ಒಂದು ಸಭೆ

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಿಂದ ಒಂದು ಪಕ್ಷದ ನೂರು ಮಂದಿ ಸದಸ್ಯರು ಸಭೆ ಸೇರಿದ್ದಾರೆ. ಮೂವರು ಆಕಾಂಕ್ಷಿಗಳಲ್ಲಿ ಒಬ್ಬರನ್ನು ಪಕ್ಷದ ಉಮೇದುವಾರರೆಂದು ಅವರು ಆರಿಸಬೇಕಾಗಿದೆ. ಮೂವರಿಗೂ ಹೆಸರಿಡದೆ ಅವರವರ ಕಾರ್ಯಕ್ರಮದಿಂದಲೇ ಗುರುತಿಸೋಣ. ಒಬ್ಬರು ಕಾಲುವೆಯ ನೀರಿನ ಪ್ರಶ್ನೆಯನ್ನು ಹಿಡಿದವರು, ಅವರು ‘ಕಾಲುವೆ’. ಇನ್ನೊಬ್ಬರು ಜಿಲ್ಲಾ ಕೇಂದ್ರದ ಕಾಲೇಜು, ಆಸ್ಪತ್ರೆ, ವ್ಯಾಪಾರಗಳ ಏಳಿಗೆಯನ್ನು ಬಯಸುವವರು, ಅವರು ‘ಪೇಟೆ’. ಮತ್ತೊಬ್ಬರು ಊರೂರಿನ ಕೆರೆಗಳ ಹೂಳೆತ್ತಿಸಬೇಕೆನ್ನುವವರು, ಅವರು ‘ಕೆರೆ’.

ಮುನಿರಾಬಾದಿನ ಬಳಿಯ ತುಂಗಭದ್ರಾ ಅಣೆಕಟ್ಟಿನಿಂದ ಹೊರಡುವ ಎಡದಂಡೆಯ ಕಾಲುವೆ ಗಂಗಾವತಿಯ ಸೀಮೆಯನ್ನು ಭತ್ತದ ನಾಡಾಗಿ ಮಾಡಿದೆ. ಕುಷ್ಟಗಿ, ಯಲಬುರ್ಗಾಗಳಲ್ಲಾದರೋ ಬಹುಮಟ್ಟಿಗೆ ಮಳೆಯನ್ನೇ ನಂಬಿದ ಬೇಸಾಯ. ಆದುದರಿಂದ ಸದಸ್ಯರ ಒಲವು ಕೆಳಗಿನಂತೆ ಇದೆಯೆಂದು ಭಾವಿಸೋಣ. ನಿಜವಾಗಿ ಒಂದು ತಾಲ್ಲೂಕಿನವರೆಲ್ಲರೂ ಒಂದೇ ರೀತಿಯಲ್ಲಿ ಯೋಚಿಸುವುದಿಲ್ಲ. ಲೆಕ್ಕ ಸುಲಭವಾಗಲೆಂದು ಮಾತ್ರ ಹೀಗೆ ಕಲ್ಪಿಸಿದ್ದೇವೆ.

ಗಂಗಾವತಿಯ 40 ಮಂದಿ: ಮೊದಲು ಕಾಲುವೆ, ಬಳಿಕ ಕೆರೆ, ಕೊನೆಗೆ ಪೇಟೆ.
ಕೊಪ್ಪಳದ 35 ಮಂದಿ: ಮೊದಲು ಪೇಟೆ, ಬಳಿಕ ಕೆರೆ, ಕೊನೆಗೆ ಕಾಲುವೆ.
ಕುಷ್ಟಗಿಯ 17 ಮಂದಿ: ಮೊದಲು ಕೆರೆ, ಬಳಿಕ ಪೇಟೆ, ಕೊನೆಗೆ ಕಾಲುವೆ.
ಯಲಬುರ್ಗಾದ 8 ಮಂದಿ: ಮೊದಲು ಕೆರೆ, ಬಳಿಕ ಕಾಲುವೆ, ಕೊನೆಗೆ ಪೇಟೆ.

ಮೊದಲನೆಯ ಕ್ರಮ: ಪ್ರತಿಯೊಬ್ಬರಿಗೂ ಒಂದೇ ಮತ, ಹೆಚ್ಚು ಮತ ಪಡೆದವರಿಗೆ ಜಯ. ಕಾಲುವೆಗೆ 40, ಪೇಟೆಗೆ 35, ಕೆರೆಗೆ 25. ಕಾಲುವೆಗೆ ಗೆಲುವು. ಆದರೆ ನೂರರಲ್ಲಿ 52 ಮಂದಿಗೆ ಕಾಲುವೆ ಕೊನೆಯ ಆಯ್ಕೆಯೆಂಬುದನ್ನು ಗಮನಿಸಬೇಕು.

ಎರಡನೆಯ ಕ್ರಮ: ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದರೆ ಕೊನೆಯಲ್ಲಿರುವವರನ್ನು ಬಿಟ್ಟು, ಅವರ ಮತಗಳನ್ನು ಮತದಾರರ ಎರಡನೆಯ ಪ್ರಾಶಸ್ತ್ಯದಂತೆ ಹಂಚುವುದು. ಈಗ ಕೆರೆ ಹೊರಗೆ ಹೋಗುತ್ತದೆ. ಕುಷ್ಟಗಿಯ 17 ಮತಗಳು ಪೇಟೆಗೂ ಯಲಬುರ್ಗಾದ 8 ಮತಗಳು ಕಾಲುವೆಗೂ ಸೇರುತ್ತವೆ. ಪೇಟೆಗೆ 52, ಕಾಲುವೆಗೆ 48. ಪೇಟೆಗೆ ಗೆಲುವು.

ಮೂರನೆಯ ಕ್ರಮ: ಇಬ್ಬಿಬ್ಬರನ್ನೇ ಎದುರುಬದುರಾಗಿ ನಿಲ್ಲಿಸಿ ನೋಡುವುದು. ಕೆರೆಗೂ ಕಾಲುವೆಗೂ ಸ್ಪರ್ಧೆಯಾದರೆ ಕೆರೆಗೆ 60, ಕಾಲುವೆಗೆ 40. ಕೆರೆಗೂ ಪೇಟೆಗೂ ಸ್ಪರ್ಧೆಯಾದರೆ ಕೆರೆಗೆ 65, ಪೇಟೆಗೆ 35. ಇಬ್ಬರನ್ನೂ ಸೋಲಿಸಬಲ್ಲ ಕೆರೆಗೆ ಗೆಲುವು.

ನೂರು ಮಂದಿಯ ಮನಸ್ಸಿನಲ್ಲಿ ಎಳ್ಳಷ್ಟೂ ಬದಲಾವಣೆ ಆಗಿಲ್ಲ. ಆದರೂ ಮೂರು ಕ್ರಮಗಳಿಗೆ ಮೂವರು ವಿಜಯಿಗಳು! ಇಬ್ಬಿಬ್ಬರನ್ನು ಹೋಲಿಸುವ ಕ್ರಮದಲ್ಲಿ ಎಲ್ಲರನ್ನೂ ಸೋಲಿಸಿದ ಕೆರೆಗೆ ಮೊದಲನೆಯ ಕ್ರಮದಲ್ಲಿ ದೊರೆತದ್ದು ಕೊನೆಯ ಸ್ಥಾನವೆಂಬುದು ಇನ್ನೂ ಸೋಜಿಗದ ಸಂಗತಿ.

ಮನಸ್ಸಿಗೆ ಒಪ್ಪಿದವರೋ, ಗೆಲ್ಲಬಲ್ಲವರೋ?

ಹೀಗಿರಲು ಸದಸ್ಯನು ಏನು ಮಾಡಬೇಕು? ಮೊದಲನೆಯ ಕ್ರಮವೇ ಜಾರಿಯಲ್ಲಿದೆಯೆಂದಿಟ್ಟುಕೊಳ್ಳಿ. ಕುಷ್ಟಗಿಯವರು ತಮಗೆ ಒಪ್ಪಿದ ಕೆರೆಗೆ ಮತ ಕೊಟ್ಟರೆ, ಅವರಿಗೆ ಸ್ವಲ್ಪವೂ ಬೇಡವಾದ ಕಾಲುವೆ ಗೆಲ್ಲುತ್ತದೆ. ಅವರು 17 ಮಂದಿಯೂ ಪೇಟೆಯ ಕಡೆಗೆ ವಾಲಿದರೆ ಪೇಟೆಗೆ 52 ಮತಗಳಾಗಿ ಕಾಲುವೆ ಸೋಲುತ್ತದೆ. ತಮ್ಮ ಮೊದಲ ಆಯ್ಕೆಯನ್ನು ಬಿಟ್ಟುಕೊಟ್ಟು ಎರಡನೆಯದನ್ನು ಉಳಿಸಿಕೊಂಡಂತಾಯಿತು.

ಎರಡನೆಯ ಕ್ರಮದಲ್ಲಿ ಈ ಇಕ್ಕಟ್ಟು ತಪ್ಪುವುದೆಂದು ತೋರಬಹುದು. ಹಾಗೇನೂ ಇಲ್ಲ. ಅಲ್ಲಿ ಪೇಟೆ ಗೆಲ್ಲುವುದರಿಂದ ಗಂಗಾವತಿಯವರಿಗೆ ಸಂಕಟ. ಅವರಲ್ಲಿ 11 ಮಂದಿ ಮೊದಲ ಪ್ರಾಶಸ್ತ್ಯವನ್ನು ಕೆರೆಗೆ ಕೊಟ್ಟರೆ ಕೆರೆಗೆ 36, ಪೇಟೆಗೆ 35, ಕಾಲುವೆಗೆ 29 ಆಗುತ್ತದೆ. ಕಾಲುವೆ ಹೊರಗೆ ಹೋಗಿ, ಅದರ 29 ಮತಗಳು ಕೆರೆಗೆ ಸೇರಿ, 65ಕ್ಕೆ 35ರಂತೆ ಕೆರೆ ಗೆಲ್ಲುತ್ತದೆ. ಇಲ್ಲಿಯೂ ಮನಸ್ಸಿನಲ್ಲಿದ್ದುದನ್ನು ಇದ್ದಂತೆ ಬರೆದವನಿಗಿಂತ ಲೆಕ್ಕ ಹಾಕಿ ಬರೆದವನಿಗೆ ಲಾಭ.

ಇದು ನಮ್ಮ ಉದಾಹರಣೆಯ ದೋಷವಲ್ಲ. ಮೂವರು ಅಥವಾ ಅದಕ್ಕಿಂತ ಹೆಚ್ಚು ಮಂದಿ ಗೆಲ್ಲಲು ಅವಕಾಶವಿದ್ದು, ಒಬ್ಬನೇ ಮತದಾರನ ಇಚ್ಛೆಯೇ ಫಲವನ್ನು ನಿರ್ಧರಿಸದ ಯಾವ ಪ್ರಾಶಸ್ತ್ಯ ಕ್ರಮದಲ್ಲಿಯೂ, ನಿಜವಾದ ಒಲವನ್ನು ಮರೆಮಾಡಿದರೆ ಲಾಭ ದೊರೆಯುವ ಸಂದರ್ಭವು ಒಂದಲ್ಲ ಒಂದು ಕಡೆ ಇದ್ದೇ ಇರುತ್ತದೆಂದು 1973ರಲ್ಲಿ ಗಿಬ್ಬರ್ಡ್, 1975ರಲ್ಲಿ ಸ್ಯಾಟರ್ಥ್‌ವೇಟ್ ಎಂಬ ವಿದ್ವಾಂಸರು ಬೇರೆ ಬೇರೆಯಾಗಿ ಸಾಧಿಸಿ ತೋರಿಸಿದರು.

ನಿಜವಾದ ಚುನಾವಣೆಗಳಲ್ಲಿ

ಈಗ ಕಲ್ಪನೆಯನ್ನು ಬಿಟ್ಟು ವಾಸ್ತವಕ್ಕೆ ಬರೋಣ. 2023ರ ವಿಧಾನಸಭಾ ಚುನಾವಣೆಯಲ್ಲಿ ಗಂಗಾವತಿ ಕ್ಷೇತ್ರದ ಮೂವರು ಪ್ರಮುಖ ಉಮೇದುವಾರರು ಪಡೆದ ಮತಗಳು ಸುಮಾರು 66 ಸಾವಿರ, 58 ಸಾವಿರ, 29 ಸಾವಿರ. ಮೊದಲನೆಯವರು ನಿಯಮದಂತೆ ಗೆದ್ದರು. ಆದರೆ ಮೂವರ ಮತಗಳನ್ನಷ್ಟೇ ಕೂಡಿಸಿದರೂ ಅವರಿಗೆ ದೊರೆತದ್ದು ಅರ್ಧಕ್ಕಿಂತ ಕಡಿಮೆ. ಮೂರನೆಯವರಿಗೆ ಮತ ಕೊಟ್ಟವರ ಎರಡನೆಯ ಆಯ್ಕೆ ಯಾರೆಂದು ಮತಯಂತ್ರ ಕೇಳುವುದಿಲ್ಲ. ಆದುದರಿಂದ ಬೇರೆ ಕ್ರಮದಲ್ಲಿ ಫಲ ಬದಲಾಗುತ್ತಿತ್ತೋ ಇಲ್ಲವೋ ಎಂದು ಹೇಳಲು ಬಾರದು. ನಮ್ಮ ಕ್ರಮವು ಮತದಾರನಿಂದ ಎಷ್ಟು ಅಲ್ಪ ವಿಷಯವನ್ನು ಕೇಳಿ ತಿಳಿದುಕೊಳ್ಳುತ್ತದೆಂಬುದಕ್ಕೆ ಇದು ನಿದರ್ಶನ.

ಎರಡನೆಯ ಪ್ರಾಶಸ್ತ್ಯವನ್ನೂ ಕೇಳುವ ಚುನಾವಣೆಗಳು ನಮ್ಮ ದೇಶದಲ್ಲಿಯೂ ಉಂಟು. ಅವುಗಳಲ್ಲಿ ಒಂದು ರಾಷ್ಟ್ರಪತಿಯ ಚುನಾವಣೆ. ಅದರ ಇತಿಹಾಸದ ಒಂದು ಮುಖ್ಯ ಅಧ್ಯಾಯ ಆರಂಭವಾದದ್ದು ಬೆಂಗಳೂರಿನಲ್ಲಿ. 1969ರ ಜುಲೈ ತಿಂಗಳಿನಲ್ಲಿ ಕಾಂಗ್ರೆಸ್ಸಿನ ನಾಯಕರು ಅಲ್ಲಿ ಸೇರಿದ್ದರು. ಪಕ್ಷದ ಅಧ್ಯಕ್ಷರಾಗಿದ್ದವರು ಎಸ್. ನಿಜಲಿಂಗಪ್ಪನವರು. ರಾಷ್ಟ್ರಪತಿಯ ಪದವಿಗೆ ಪಕ್ಷದ ಉಮೇದುವಾರರು ಯಾರಾಗಬೇಕೆಂಬ ಪ್ರಶ್ನೆ ಪಾರ್ಲಿಮೆಂಟರಿ ಬೋರ್ಡಿನ ಮುಂದೆ ಬಂದಿತು. ಪ್ರಧಾನಿ ಇಂದಿರಾ ಗಾಂಧಿಯವರು ಜಗಜೀವನ ರಾಮ್ ಅವರ ಹೆಸರನ್ನು ಸೂಚಿಸಿದರು. ಬೋರ್ಡಿನ ಬಹುಮತ ನೀಲಂ ಸಂಜೀವ ರೆಡ್ಡಿಯವರ ಕಡೆಗಿತ್ತು. ರೆಡ್ಡಿಯವರೇ ಪಕ್ಷದ ಉಮೇದುವಾರರಾದರು. ವಿ. ವಿ. ಗಿರಿಯವರು ಸ್ವತಂತ್ರರಾಗಿ ನಿಂತರು. ಸ್ವತಂತ್ರ ಪಕ್ಷ, ಜನಸಂಘಗಳ ಬೆಂಬಲದಿಂದ ಸಿ. ಡಿ. ದೇಶಮುಖರು ಕಣಕ್ಕಿಳಿದರು. ಮುಂದೆ ಪ್ರಧಾನಿಯವರು ಆತ್ಮಸಾಕ್ಷಿಗೆ ಅನುಗುಣವಾಗಿ ಮತ ನೀಡಬಹುದೆಂದು ಸದಸ್ಯರಿಗೆ ಕರೆಕೊಟ್ಟರು.

ಈ ಚುನಾವಣೆಯಲ್ಲಿ ಶಾಸಕರ ಮತ್ತು ಸಂಸತ್ಸದಸ್ಯರ ಒಂದೊಂದು ಮತಕ್ಕೂ ಇಂತಿಷ್ಟು ಮೌಲ್ಯವೆಂದು ಗೊತ್ತುಮಾಡಿರುವುದರಿಂದ ಮೊತ್ತಗಳು ಲಕ್ಷಗಳಲ್ಲಿರುತ್ತವೆ. ಮೊದಲ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769. ಗೆಲ್ಲಲು ಬೇಕಾದದ್ದು 4,18,169. ಯಾರೂ ಆ ಗಡಿಯನ್ನು ಮುಟ್ಟಿರಲಿಲ್ಲ. ಹಿಂದೆ ಉಳಿದವರನ್ನು ಒಬ್ಬೊಬ್ಬರನ್ನಾಗಿ ಬಿಟ್ಟು ಮುಂದಿನ ಪ್ರಾಶಸ್ತ್ಯಗಳನ್ನು ಹಂಚಿದಾಗ ಗಿರಿಯವರ ಮೊತ್ತ 4,20,077ಕ್ಕೂ ರೆಡ್ಡಿಯವರ ಮೊತ್ತ 4,05,427ಕ್ಕೂ ಏರಿತು. ಗಿರಿಯವರು ಗೆದ್ದರು.

ಈ ಅಂಕಿಗಳನ್ನು ವಿದ್ಯಾರ್ಥಿಗಳು ಮತ್ತೊಮ್ಮೆ ನೋಡಬೇಕು. ಹಂಚಿಕೆಯಿಂದ ಗಿರಿಯವರಿಗೆ ಬಂದದ್ದು 18,562 ಮಾತ್ರ; ರೆಡ್ಡಿಯವರಿಗೆ ಬಂದದ್ದು 91,879. ಇಬ್ಬರ ನಡುವಣ 87,967ರ ಅಂತರ 14,650ಕ್ಕೆ ಇಳಿಯಿತು. ಎರಡನೆಯ ಆಯ್ಕೆಯಾಗಿರುವುದಕ್ಕೂ ಎಷ್ಟು ಬೆಲೆಯುಂಟೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಜೊತೆಗೆ ಇನ್ನೊಂದು ಪಾಠವೂ ಇದೆ: ಉಮೇದುವಾರರನ್ನು ಆರಿಸಿದ್ದು ಕೆಲವೇ ಮಂದಿಯ ಬೋರ್ಡು, ಮತ ಹಾಕಿದ್ದು ದೇಶದ ಚುನಾಯಿತ ಶಾಸಕರು, ಸಂಸತ್ಸದಸ್ಯರು. ಆರಿಸುವ ಗುಂಪು ಬೇರೆ, ಗೆಲ್ಲಿಸುವ ಗುಂಪು ಬೇರೆ.

ಪೂರ್ವಚುನಾವಣೆ

ಉಮೇದುವಾರರ ಆಯ್ಕೆಯನ್ನು ಕೆಲವೇ ನಾಯಕರ ಕೈಯಲ್ಲಿ ಬಿಡದೆ ಹೆಚ್ಚು ಮಂದಿಗೆ ಒಪ್ಪಿಸುವ ಪದ್ಧತಿ ಅಮೆರಿಕದಲ್ಲಿದೆ. ಅಲ್ಲಿ ಅಧ್ಯಕ್ಷ ಪದವಿಯ ಚುನಾವಣೆಗೆ ಮೊದಲು ಹೆಚ್ಚಿನ ರಾಜ್ಯಗಳಲ್ಲಿ ಪಕ್ಷದೊಳಗಣ ಪೂರ್ವಚುನಾವಣೆ ನಡೆಯುತ್ತದೆ. ಇದನ್ನು ಪ್ರೈಮರಿ ಎನ್ನುತ್ತಾರೆ. ಅದರ ಫಲದಂತೆ ಪಕ್ಷದ ಮಹಾಧಿವೇಶನಕ್ಕೆ ಹೋಗುವ ಪ್ರತಿನಿಧಿಗಳು ಉಮೇದುವಾರರಿಗೆ ಹಂಚಿಕೆಯಾಗುತ್ತಾರೆ. ಇಲ್ಲಿಯೂ ಎಣಿಕೆಯ ಕ್ರಮವೇ ಮುಖ್ಯ. 2016ರಲ್ಲಿ ದಕ್ಷಿಣ ಕೆರೋಲಿನಾ ರಾಜ್ಯದ ರಿಪಬ್ಲಿಕನ್ ಪ್ರೈಮರಿಯಲ್ಲಿ ಡೊನಾಲ್ಡ್ ಟ್ರಂಪ್ ಅವರು ನೂರಕ್ಕೆ ಸುಮಾರು 32.5 ಮತಗಳನ್ನು ಪಡೆದು ಆ ರಾಜ್ಯದ 50 ಪ್ರತಿನಿಧಿಗಳೆಲ್ಲರನ್ನೂ ಗೆದ್ದುಕೊಂಡರು. ಡೆಮಾಕ್ರಟಿಕ್ ಪಕ್ಷದ ನಿಯಮ ಬೇರೆ; ಅಲ್ಲಿ ನೂರಕ್ಕೆ 15ರಷ್ಟಾದರೂ ಮತ ಪಡೆದವರಿಗೆ ಅವರವರ ಮತಕ್ಕೆ ತಕ್ಕ ಪಾಲು.

ನಮ್ಮಲ್ಲಿಯೂ 2014ರ ಲೋಕಸಭಾ ಚುನಾವಣೆಗೆ ಮುನ್ನ ಕಾಂಗ್ರೆಸ್ ಪಕ್ಷವು ದೇಶದ ಕೆಲವು ಕ್ಷೇತ್ರಗಳಲ್ಲಿ ಇಂತಹ ಪ್ರಯೋಗವನ್ನು ನಡೆಸಿತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ ಕ್ಷೇತ್ರಗಳು ಇದಕ್ಕೆ ಆರಿಸಲ್ಪಟ್ಟುವು. ಪಕ್ಷದ ಒಳಗೆ ಸಿ. ನಾರಾಯಣಸ್ವಾಮಿ ಮತ್ತು ಜನಾರ್ದನ ಪೂಜಾರಿಯವರು ಗೆದ್ದರು. ಆದರೆ ಮಹಾಚುನಾವಣೆಯಲ್ಲಿ ಆ ಎರಡು ಸ್ಥಾನಗಳು ಡಿ. ವಿ. ಸದಾನಂದ ಗೌಡ ಮತ್ತು ನಳಿನ್ ಕುಮಾರ್ ಕಟೀಲ್ ಅವರ ಪಾಲಾದುವು. ಇದರಿಂದ ಪೂರ್ವಚುನಾವಣೆ ವ್ಯರ್ಥವೆಂದು ಹೇಳಲಾಗದು. ಸೋಲಿಗೆ ಅನೇಕ ಕಾರಣಗಳಿರುತ್ತವೆ. ಪಕ್ಷದ ಮನೆಯೊಳಗಣ ಒಲವು ಊರಿನ ಒಲವೇ ಆಗಿರಬೇಕೆಂಬ ನಿಯಮವಿಲ್ಲವೆಂದು ಮಾತ್ರ ತಿಳಿಯತಕ್ಕದ್ದು.

ನಿರ್ದೋಷವಾದ ಕ್ರಮ ಉಂಟೇ?

ಇಬ್ಬಿಬ್ಬರನ್ನು ಹೋಲಿಸುವ ಮೂರನೆಯ ಕ್ರಮವೇ ಉತ್ತಮವಲ್ಲವೇ ಎಂದು ವಾಚಕರು ಕೇಳಬಹುದು. ಫ್ರಾನ್ಸಿನ ಕೊಂಡೋರ್ಸೆ ಎಂಬ ಗಣಿತಜ್ಞನು 1785ರಲ್ಲಿಯೇ ಇದನ್ನು ವಿಚಾರಿಸಿ, ಅದರೊಳಗಿನ ತೊಡಕನ್ನೂ ಕಂಡಿದ್ದನು. ಮೂವರು ಗೆಳೆಯರು ಪ್ರವಾಸಕ್ಕೆ ಸ್ಥಳವನ್ನು ಆರಿಸುತ್ತಿದ್ದಾರೆ. ಒಬ್ಬನ ಒಲವು ಆನೆಗೊಂದಿ, ಇಟಗಿ, ಕೊಪ್ಪಳದ ಗವಿಮಠ ಎಂಬ ಕ್ರಮದಲ್ಲಿದೆ. ಎರಡನೆಯವನದು ಇಟಗಿ, ಗವಿಮಠ, ಆನೆಗೊಂದಿ. ಮೂರನೆಯವನದು ಗವಿಮಠ, ಆನೆಗೊಂದಿ, ಇಟಗಿ. ಈಗ ಎಣಿಸಿರಿ: ಇಟಗಿಗಿಂತ ಆನೆಗೊಂದಿ ಇಬ್ಬರಿಗೆ ಇಷ್ಟ, ಗವಿಮಠಕ್ಕಿಂತ ಇಟಗಿ ಇಬ್ಬರಿಗೆ ಇಷ್ಟ, ಆನೆಗೊಂದಿಗಿಂತ ಗವಿಮಠ ಇಬ್ಬರಿಗೆ ಇಷ್ಟ. ಗಾಣದ ಎತ್ತಿನಂತೆ ಸುತ್ತುತ್ತಲೇ ಇರಬೇಕು. ಎಲ್ಲವನ್ನೂ ಸೋಲಿಸುವ ಸ್ಥಳವೇ ಇಲ್ಲ. ಒಬ್ಬೊಬ್ಬನ ಬುದ್ಧಿಯೂ ನೆಟ್ಟಗಿದ್ದರೂ ಮೂವರ ಒಟ್ಟು ತೀರ್ಮಾನ ನೆಟ್ಟಗಾಗಲಿಲ್ಲ.

ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆ್ಯರೋ ಅವರು 1951ರಲ್ಲಿ ಈ ವಿಚಾರವನ್ನು ಇನ್ನೂ ಆಳಕ್ಕೆ ಕೊಂಡೊಯ್ದರು. ಎಲ್ಲರೂ ಒಬ್ಬರಿಗಿಂತ ಇನ್ನೊಬ್ಬರನ್ನು ಮೆಚ್ಚಿದರೆ ಫಲವೂ ಹಾಗೆಯೇ ಇರಬೇಕು. ಇಬ್ಬರ ನಡುವಣ ತೀರ್ಮಾನವು ಮೂರನೆಯವರ ವಿಷಯದ ಒಲವಿನಿಂದ ಕದಲಬಾರದು. ಒಬ್ಬನ ಇಚ್ಛೆಯೇ ಎಲ್ಲರ ಮೇಲೆ ನಡೆಯಬಾರದು. ಮತದಾರರ ಒಲವು ಹೇಗಿದ್ದರೂ ಸುಸಂಗತವಾದ ಒಂದು ಒಟ್ಟು ಕ್ರಮ ದೊರೆಯಬೇಕು. ಕೇಳಲು ಇವು ಅತಿಯಾದ ಬೇಡಿಕೆಗಳೇನೂ ಅಲ್ಲ. ಆದರೆ ಮೂರು ಅಥವಾ ಹೆಚ್ಚು ಆಯ್ಕೆಗಳಿರುವಾಗ ಇವೆಲ್ಲವನ್ನೂ ಏಕಕಾಲದಲ್ಲಿ ಪೂರೈಸುವ ಯಾವ ಪ್ರಾಶಸ್ತ್ಯ ಕ್ರಮವೂ ಇರಲಾರದೆಂದು ಅವರು ಸಾಧಿಸಿದರು. 1972ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದ ಇಬ್ಬರಲ್ಲಿ ಅವರೊಬ್ಬರು.

ಹಾಗಾದರೆ ಮತವೇ ನಿರರ್ಥಕವೆಂದು ಭಾವಿಸಬಾರದು. ನಿರ್ದೋಷವಾದ ತಕ್ಕಡಿ ಇಲ್ಲವೆಂದು ಯಾರೂ ತೂಕ ಮಾಡುವುದನ್ನು ಬಿಡುವುದಿಲ್ಲ. ಯಾವ ತಕ್ಕಡಿ ಯಾವ ಕಡೆಗೆ ವಾಲುವುದೆಂದು ಅರಿತು ತೂಗುತ್ತಾರೆ. ಉಮೇದುವಾರರನ್ನು ಆರಿಸುವಾಗಲೂ ಮೂರು ಪ್ರಶ್ನೆಗಳನ್ನು ನಮಗೆ ನಾವೇ ಹಾಕಿಕೊಳ್ಳಬೇಕು. ನಮಗೆ ಮೊದಲು ಯಾರು ಒಪ್ಪಿಗೆ, ಬಳಿಕ ಯಾರು? ಮತಗಳನ್ನು ಯಾವ ಕ್ರಮದಿಂದ ಎಣಿಸುತ್ತಾರೆ? ಈಗ ಆರಿಸುವವರು ಯಾರು, ಮುಂದೆ ಗೆಲ್ಲಿಸಬೇಕಾದವರು ಯಾರು? ಮೊದಲನೆಯ ಪ್ರಶ್ನೆಗೆ ಗಣಿತ ಉತ್ತರ ಹೇಳಲಾರದು. ಅದು ನಮ್ಮ ವಿವೇಕಕ್ಕೆ ಬಿಟ್ಟದ್ದು. ಉಳಿದೆರಡನ್ನು ಕೇಳದೆ ಮತ ಹಾಕಿದವನು ತನ್ನ ಮತದ ಅರ್ಧ ಬೆಲೆಯನ್ನು ಅರಿಯದವನೇ ಸರಿ.

ನಿಮ್ಮ ತರಗತಿಯ ನಾಯಕರ ಚುನಾವಣೆಯಲ್ಲಿ ಇದನ್ನು ಪ್ರಯೋಗಿಸಿ ನೋಡಬಹುದು. ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ಉಮೇದುವಾರರ ಹೆಸರುಗಳನ್ನು ಒಲವಿನ ಕ್ರಮದಲ್ಲಿ ಬರೆಯಲಿ. ಆ ಚೀಟಿಗಳನ್ನೇ ಮೂರು ಕ್ರಮಗಳಿಂದ ಎಣಿಸಿರಿ. ಮೂರರಲ್ಲಿಯೂ ಒಬ್ಬರೇ ಗೆದ್ದರೆ ಸಂತೋಷ. ಬೇರೆ ಬೇರೆಯವರು ಗೆದ್ದರೆ, ಯಾವ ಕ್ರಮ ನ್ಯಾಯವೆಂಬ ಚರ್ಚೆ ನಿಮ್ಮಲ್ಲಿ ತಾನಾಗಿಯೇ ಹುಟ್ಟುತ್ತದೆ. ಆದರೆ ಒಂದು ಮಾತನ್ನು ನೆನಪಿಡಬೇಕು: ಯಾವ ಕ್ರಮದಿಂದ ಎಣಿಸಬೇಕೆಂಬುದನ್ನು ಚೀಟಿಗಳನ್ನು ತೆರೆಯುವ ಮೊದಲೇ ಎಲ್ಲರೂ ಕೂಡಿ ಗೊತ್ತುಮಾಡಿಕೊಳ್ಳತಕ್ಕದ್ದು. ತೆರೆದ ಬಳಿಕ ಕ್ರಮವನ್ನು ಆರಿಸಹೊರಟರೆ, ನಾಯಕನನ್ನು ಆರಿಸುವವರು ಮತದಾರರಲ್ಲ, ಎಣಿಸುವವರೇ ಆಗಿಬಿಡುತ್ತಾರೆ.