‘ಹೋದ ವಾರ ಯಾಕ ಬರ್ಲಿಲ್ಲೋ?’

ತಮ್ಮಾ, ಮನಸ್ಸು ಕುಸಿದಾಗ ಮೊದಲು ಸಾಯುವುದು ಮಂದಿಯ ನಡುವೆ ಕೂಡುವ ಆಸೆ. ಮಿಲ್ಲಿನ ಪಾಳಿ ಮುಗಿಸಿ ಬಂದವನು ಬಾಗಿಲು ಹಾಕಿಕೊಂಡು ಮೊಬೈಲ್ ಹಿಡಿದರೆ ಮುಗಿಯಿತು. ‘ದೇವರ ಮೇಲೇ ನಂಬಿಕೆ ಉಳಿದಿಲ್ಲ, ಗುಡಿಗೆ ಹೋಗಿ ಏನು ಮಾಡಲಿ?’ ಎಂದು ಕೇಳಿದೆಯಲ್ಲ, ಉತ್ತರ ಇಷ್ಟೇ: ನಂಬಿಕೆ ಬಂದರೆ ಬರಲಿ, ಬಿಟ್ಟರೆ ಬಿಡಲಿ, ನೀನಂತೂ ಹೋಗು.

ಕಷ್ಟ ಬಂದಾಗ ಗುಂಪು ಬಿಡಬಾರದೆಂಬುದನ್ನು ನಮ್ಮ ಉತ್ತರ ಕನ್ನಡ ಸೀಮೆ ಕಂಡಿದೆ. ಕಲ್ಯಾಣದಲ್ಲಿ ರಕ್ತ ಹರಿದಾಗ ಶರಣರು ಚನ್ನಬಸವಣ್ಣ, ಅಕ್ಕನಾಗಮ್ಮನವರ ಜತೆಗೂಡಿ ಜೋಯಿಡಾದ ಕಾಡು ಹೊಕ್ಕು ಉಳವಿ ಸೇರಿದರೆಂದು ಪರಂಪರೆ ಹೇಳುತ್ತದೆ. ಮುಂಡಗೋಡದಲ್ಲಿ, ನಾಡನ್ನೇ ಕಳೆದುಕೊಂಡ ಟಿಬೆಟಿನವರಿಗೆ 1966ರಲ್ಲಿ ನೆಲೆ ಸಿಕ್ಕಿತು. ಬಂಗಾಳದ ಬಕ್ಸಾ ಶಿಬಿರದಲ್ಲಿ ಕ್ಷಯಕ್ಕೆ ಅನೇಕರು ಬಲಿಯಾಗಿ, ಉಳಿದ ಲಾಮಾಗಳು ಇಲ್ಲಿ ಬಂದು ಗೋವಿನಜೋಳ ಬಿತ್ತುತ್ತಲೇ ಡ್ರೆಪುಂಗ್, ಗಾಂಡೆನ್ ಮಠಗಳನ್ನು ಮತ್ತೆ ಎಬ್ಬಿಸಿದರು.

ಕೊರೋನಾದಲ್ಲಿ, 2020ರ ಮಾರ್ಚ್‌ನಿಂದ ಜೂನ್ 8ರ ತನಕ, ಗುಡಿ, ಮಸೀದಿ, ಚರ್ಚು ಎಲ್ಲ ಮುಚ್ಚಿದ್ದವು. ಮನೆಯಲ್ಲೇ ದೀಪ ಹಚ್ಚಿದೆವು. ದೇವರು ಮನೆಯಲ್ಲೂ ಇದ್ದ, ಆದರೆ ‘ಹೋದ ವಾರ ಯಾಕ ಬರ್ಲಿಲ್ಲೋ?’ ಎಂದು ಕೇಳುವವರು ಇರಲಿಲ್ಲ.

ಅಮೆರಿಕದ ಸಾವಿರಾರು ನರ್ಸುಗಳನ್ನು ವರ್ಷಗಟ್ಟಲೆ ಗಮನಿಸಿದ ಹಾರ್ವರ್ಡ್ ಸಂಶೋಧಕರು 2016ರಲ್ಲಿ ಒಂದು ಲೆಕ್ಕ ಕೊಟ್ಟರು. ವಾರಕ್ಕೊಮ್ಮೆಯಾದರೂ ಸಾಮೂಹಿಕ ಪ್ರಾರ್ಥನೆಗೆ ಹೋಗುವವರಲ್ಲಿ ಆತ್ಮಹತ್ಯೆ, ಎಂದೂ ಹೋಗದವರಿಗಿಂತ ಸುಮಾರು ಐದು ಪಟ್ಟು ಕಡಿಮೆ. ಹೋಗಿದ್ದರಿಂದಲೇ ಹೀಗಾಯಿತೆಂದು ಇದರಿಂದ ಸಿದ್ಧವಾಗುವುದಿಲ್ಲ, ಮನಸ್ಸು ಗಟ್ಟಿ ಇದ್ದವರೇ ಹೋಗುತ್ತಿದ್ದಿರಬಹುದು. ಆದರೂ ತಳ್ಳಿಹಾಕುವ ಮಾತಲ್ಲ.

ಹೋದ ಮೇಲೆ ಕಂಬಕ್ಕೊರಗಿ ಕೂಡಬೇಡ. ಭಾರತ ಹುಣ್ಣಿಮೆಗೆ ಉಳವಿಗೆ ಹೋದರೆ ದಾಸೋಹದಲ್ಲಿ ಸಾರಿನ ಬಕೆಟ್ ಹಿಡಿ. ‘ಇತ್ತ ತಾರೋ ತಮ್ಮಾ’ ಎಂದು ಪಂಕ್ತಿಯಲ್ಲಿ ಕೂತ ಅಜ್ಜ ಕೂಗುತ್ತಾನೆ. ಸೌಟು ಎತ್ತಬೇಕು, ಎಲೆಯಾಚೆ ಚೆಲ್ಲದಂತೆ ಬಗ್ಗಬೇಕು, ಮುಂದಿನವನ ಮುಖ ನೋಡಬೇಕು. ಅಷ್ಟು ಹೊತ್ತು ನಿನ್ನ ಚಿಂತೆಗೆ ಪುರಸೊತ್ತಿಲ್ಲ. ಗುಡಿಯೋ, ಮಸೀದಿಯೋ, ಚರ್ಚೋ, ಯಾವ ಬಾಗಿಲು ಎಂಬುದು ನಿನಗೆ ಬಿಟ್ಟದ್ದು. ನಮ್ಮ ಜಿಲ್ಲೆಯ ಸಿದ್ದಿ ಸಮುದಾಯದಲ್ಲೇ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ.

ಒಂದು ಎಚ್ಚರಿಕೆ. ನಿನ್ನ ಸಂಕಟವನ್ನು ‘ಪಾಪದ ಫಲ’ ಎನ್ನುವವರು, ‘ಮಾತ್ರೆ ಬಿಡು, ಹರಕೆ ಹೊರು’ ಎನ್ನುವವರು ಸಿಕ್ಕರೆ ಎದ್ದು ಬಾ. ನಿದ್ದೆ, ಊಟ ವಾರಗಟ್ಟಲೆ ಕೆಟ್ಟಿದ್ದರೆ, ಸಾಯುವ ಯೋಚನೆ ಸುಳಿದರೆ ಭಜನೆಯೊಂದೇ ಸಾಲದು. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ದೂರವಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಫೋನ್ ಮಾಡಿದರೂ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಗುಡಿಯೂ ಇರಲಿ, ಗುಳಿಗೆಯೂ ಇರಲಿ.

ಬರುವ ಸೋಮವಾರ ದಾಂಡೇಲಪ್ಪನ ಗುಡಿಗೆ ಹೋಗು. ಮುಂದಿನ ಸೋಮವಾರವೂ ಹೋಗು. ಒಬ್ಬನೇ ಹೋಗಲು ಕಾಲು ಬಾರದಿದ್ದರೆ ನನಗೆ ಹೇಳು, ಜತೆಗೆ ಬರುತ್ತೇನೆ.