ಕೆಂಪು ಇಳಿದ ಮಾತ್ರಕ್ಕೆ

ಆಟಿ ತಿಂಗಳಲ್ಲಿ ನಮ್ಮ ಕಡೆ ಬಟ್ಟೆ ಒಣಗುವುದಿಲ್ಲ. ಜಗಲಿಯ ಹಗ್ಗದಲ್ಲಿ ಎರಡು ದಿನ ನೇತಾಡಿದ ಒಳಲಂಗ ಮೂರನೆಯ ದಿನ ಹಸಿಹಸಿಯಾಗಿಯೇ ಸೊಂಟಕ್ಕೇರುತ್ತದೆ. ನನ್ನ ದೊಡ್ಡಮ್ಮನಿಗೆ ಲಾಡಿ ಕಟ್ಟುವ ಜಾಗದಲ್ಲಿ ಗಜಕರ್ಣ ಸುರುವಾದದ್ದು ಅಂಥ ಒಂದು ಮಳೆಗಾಲದಲ್ಲಿ. ಸಂಕೋಚಕ್ಕೆ ಯಾರಿಗೂ ಹೇಳಲಿಲ್ಲ. ಮಗನಿಗಷ್ಟೇ ಹೇಳಿ ಮೆಡಿಕಲ್ ಶಾಪಿನಿಂದ ಒಂದು ಕ್ರೀಮು ತರಿಸಿಕೊಂಡರು. ನಾಲ್ಕು ದಿನದಲ್ಲಿ ತುರಿಕೆ ನಿಂತಿತು, ಕೆಂಪು ಇಳಿಯಿತು. ತಿಂಗಳು ಕಳೆಯುವುದರೊಳಗೆ ಮತ್ತೆ ಬಂತು, ಮೊದಲಿಗಿಂತ ಅಗಲವಾಗಿ. ಮತ್ತೆ ಅದೇ ಟ್ಯೂಬು. ಹೀಗೆ ಎರಡು ವರ್ಷ.

ಆ ಎರಡು ವರ್ಷವೂ ನಾನು ಬೇರೊಂದು ಊರಿನ ಪ್ರಯೋಗಾಲಯದಲ್ಲಿ ಇದೇ ಕಾಯಿಲೆಯನ್ನು ಗಿನಿಪಿಗ್‌ಗಳ ಬೆನ್ನ ಮೇಲೆ ಬರಿಸಿ ಅಭ್ಯಾಸ ಮಾಡುತ್ತಿದ್ದೆ. ದೊಡ್ಡಮ್ಮನ ಸೊಂಟದ ಸುದ್ದಿ ನನಗೆ ಗೊತ್ತಿರಲಿಲ್ಲ.

ಗಜಕರ್ಣ, ಹುಳುಕಡ್ಡಿ ಎಂದು ನಾವು ಕರೆಯುವ ಈ ರೋಗದಲ್ಲಿ ಹುಳು ಇಲ್ಲ. ಇರುವುದು ಒಂದು ಜಾತಿಯ ಬೂಷ್ಟು. ಚರ್ಮದ ಮೇಲ್ಪದರ, ಕೂದಲು, ಉಗುರುಗಳಲ್ಲಿರುವ ಕೆರಾಟಿನ್ ಅದರ ಆಹಾರ. ಸೆಕೆ, ಬೆವರು, ಒದ್ದೆ ಬಟ್ಟೆ ಸೇರಿದರೆ ಅದಕ್ಕೆ ಹಬ್ಬ. ವಿಯೆಟ್ನಾಂ ಯುದ್ಧದಲ್ಲಿ ಮೆಕಾಂಗ್ ಮುಖಜಭೂಮಿಯ ಕೆಸರಲ್ಲಿ ದಿನಗಟ್ಟಲೆ ಒದ್ದೆ ಸಮವಸ್ತ್ರದಲ್ಲಿದ್ದ ಅಮೆರಿಕದ ಸೈನಿಕರನ್ನು ಕಾಡಿದ್ದೂ ಈ ಕುಲದ ಟ್ರೈಕೋಫೈಟನ್ ಮೆಂಟಗ್ರೊಫೈಟಿಸ್. ನಾನು ಗಿನಿಪಿಗ್ ಬೆನ್ನಿಗೆ ಹಚ್ಚುತ್ತಿದ್ದದ್ದೂ ಅದನ್ನೇ. ಗಿನಿಪಿಗ್ ಯಾಕೆಂದರೆ, ಅದರ ಚರ್ಮ ಈ ಸೋಂಕನ್ನು ಸುಲಭವಾಗಿ ಹಿಡಿಯುತ್ತದೆ. ರೋಗನಿರೋಧಕ ಶಕ್ತಿಯನ್ನು ಮೊದಲೇ ಔಷಧದಿಂದ ಕುಗ್ಗಿಸಬೇಕಾಗಿಲ್ಲ. ಬೆನ್ನ ಮೇಲೆ ಸಣ್ಣದೊಂದು ಚೌಕದಲ್ಲಿ ಕೂದಲು ಬೋಳಿಸಿ, ಚರ್ಮವನ್ನು ಹಗುರವಾಗಿ ಉಜ್ಜಿ, ಬೀಜಕಣ ಕಲಸಿದ ದ್ರವ ಹಚ್ಚಬೇಕು. ನಾಲ್ಕೈದು ದಿನಕ್ಕೆ ಕೆಂಪು ಏಳುತ್ತದೆ. ಎರಡನೆಯ ವಾರ ಮುಗಿಯುವಷ್ಟರಲ್ಲಿ ಹೊಟ್ಟು, ಹೆಕ್ಕಳೆ, ಬೊಕ್ಕ. ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಟ್ಟು ದಿನವೂ ಬರೆದಿಡುವುದು ನನ್ನ ಕೆಲಸ.

ನನ್ನ ಮೊದಲ ಪ್ರಯೋಗ ತಗಚೆ ಸೊಪ್ಪಿನದು. ತುಳುವಿನಲ್ಲಿ ತಜಂಕ್ ಎನ್ನುವ ಇದರ ಎಲೆಯನ್ನು ಅಜ್ಜಿ ಅರೆದು ಹುಳುಕಡ್ಡಿಗೆ ಹಚ್ಚುವುದನ್ನು ಕಂಡು ಬೆಳೆದವಳು ನಾನು. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಬೂಷ್ಟನ್ನು ಅದರ ಸತ್ವ ಚೆನ್ನಾಗಿ ತಡೆದಿತ್ತು. ಪ್ರಾಣಿಗಳ ಸಂಖ್ಯೆ ಕಡಿಮೆ ಇರಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಏನೂ ಹಚ್ಚದ ಗುಂಪಿನಲ್ಲಿ ಎರಡೇ ಗಿನಿಪಿಗ್ ಇಟ್ಟುಕೊಂಡೆ. ನಾಲ್ಕನೆಯ ವಾರಕ್ಕೆ ಸೊಪ್ಪು ಹಚ್ಚಿದ ಬೆನ್ನುಗಳೆಲ್ಲ ನುಣ್ಣಗಾಗಿ ಹೊಸ ಕೂದಲು ಬಂದಿತ್ತು. ಹಚ್ಚದ ಎರಡರಲ್ಲಿ ಒಂದಕ್ಕೆ ಇನ್ನೂ ಹೊಟ್ಟು ಇತ್ತು. ಇನ್ನೊಂದು ವಾಸಿಯಾದದ್ದು ಆಕಸ್ಮಿಕ ಎಂದುಕೊಂಡೆ. ಆ ರಾತ್ರಿ ಸಂತೋಷಕ್ಕೆ ನನಗೆ ನಿದ್ದೆ ಬರಲಿಲ್ಲ.

ಪ್ರಾಣಿಮನೆಯಲ್ಲಿ ಅವುಗಳನ್ನು ನೋಡಿಕೊಳ್ಳುತ್ತಿದ್ದವರನ್ನು ನಾವೆಲ್ಲ ಅಣ್ಣ ಎನ್ನುತ್ತಿದ್ದೆವು. ಗಿನಿಪಿಗ್‌ಗೂ ನಮ್ಮ ಹಾಗೆಯೇ ವಿಟಮಿನ್ ಸಿ ದೇಹದಲ್ಲಿ ತಯಾರಾಗುವುದಿಲ್ಲ, ಹಸಿರು ಕೊಡಲೇಬೇಕು. ಅವರು ಸೊಪ್ಪಿನ ಬುಟ್ಟಿ ಹಿಡಿದು ಬಾಗಿಲು ತೆರೆದರೆ ಇಡೀ ಕೋಣೆ ಕುಂಯ್ ಕುಂಯ್ ಎಂದು ಏಳುತ್ತಿತ್ತು. ನನ್ನ ಸಂತೋಷ ಕೇಳಿ ಅವರು ಬುಟ್ಟಿ ಕೆಳಗಿಟ್ಟರು. "ಮೇಡಂ, ಏನೂ ಹಚ್ಚದಿದ್ರೂ ಅವು ವಾಸಿ ಆಗ್ತವಲ್ಲ. ಇನ್ನೊಂದು ವಾರ ಕಾದು ನೋಡಿ, ಒಂದಕ್ಕೂ ಇರೂದಿಲ್ಲ."

ಅವರು ಹೇಳಿದ್ದು ಪುಸ್ತಕದಲ್ಲೂ ಇತ್ತು. ನಾನೂ ಓದಿದ್ದೆ, ಲೆಕ್ಕಕ್ಕೆ ತಂದುಕೊಂಡಿರಲಿಲ್ಲ. ಗಿನಿಪಿಗ್ ತನ್ನ ಸೋಂಕನ್ನು ತಾನೇ ಗೆಲ್ಲುತ್ತದೆ. ಗೆದ್ದ ಮೇಲೆ ನೆನಪಿಟ್ಟುಕೊಳ್ಳುತ್ತದೆ ಕೂಡ. ಒಮ್ಮೆ ಗುಣವಾದದ್ದಕ್ಕೆ ಮತ್ತೆ ಸೋಂಕು ಹಚ್ಚಿದರೆ ಅದು ಬೇಗ ಆರುತ್ತದೆ ಎಂದು ಬ್ರೂನೋ ಬ್ಲಾಕ್ ಎಂಬ ವೈದ್ಯ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ತೋರಿಸಿಕೊಟ್ಟಿದ್ದ. ಹಾಗಾಗಿ ಅದೇ ಪ್ರಾಣಿಗಳನ್ನು ಇನ್ನೊಂದು ಪ್ರಯೋಗಕ್ಕೆ ಬಳಸುವಂತೆಯೂ ಇರಲಿಲ್ಲ. ಗುಂಪಿಗೆ ಆರರಂತೆ ಇಟ್ಟು ಮೊದಲಿನಿಂದ ಮಾಡಿದೆ. ಸೊಪ್ಪು ಹಚ್ಚಿದ ಗುಂಪಿಗೂ ಹಚ್ಚದ ಗುಂಪಿಗೂ ವ್ಯತ್ಯಾಸ ಸಿಗಲಿಲ್ಲ. ಸೊಪ್ಪು ಕೆಲಸ ಮಾಡಲಿಲ್ಲವೆಂಬುದಕ್ಕಿಂತ, ಕೆಲವನ್ನು ಉಳಿಸಲು ಹೋಗಿ ಮೊದಲ ಗುಂಪಿನ ಅಷ್ಟನ್ನೂ ವ್ಯರ್ಥ ಮಾಡಿದೆನಲ್ಲ ಎಂಬುದು ನನ್ನನ್ನು ಬಹಳ ದಿನ ಕೊರೆಯಿತು. ರಸೆಲ್ ಮತ್ತು ಬರ್ಚ್ ಎಂಬ ವಿಜ್ಞಾನಿಗಳು 1959ರಲ್ಲಿ ಪ್ರಾಣಿಪ್ರಯೋಗಕ್ಕೆ ಹಾಕಿಕೊಟ್ಟ ಮೂರು ಕಟ್ಟಳೆಗಳಲ್ಲಿ ಸಂಖ್ಯೆ ತಗ್ಗಿಸುವುದೂ ಒಂದು. ಉತ್ತರ ಸಿಗದಷ್ಟು ತಗ್ಗಿಸಿದರೆ ಅದು ದಯೆಯಲ್ಲ.

ಇನ್ನೊಮ್ಮೆ, ಸೋಂಕೇ ಹಚ್ಚದ ಪ್ರಾಣಿಗಳ ಕೂದಲಿನಿಂದ ಬೂಷ್ಟು ಬೆಳೆಯಿತು. ಹೊರಗೆ ಏನೂ ತೋರದೆ ಅವು ಬರುವಾಗಲೇ ಹೊತ್ತು ತಂದಿದ್ದವು. ಅಂದಿನಿಂದ ಬಂದ ಪ್ರತಿಯೊಂದರ ಕೂದಲನ್ನೂ ಪರೀಕ್ಷಿಸಿದ ಮೇಲಷ್ಟೇ ಕೆಲಸ ಸುರು.

ನನ್ನ ಕಣ್ಣು ತೆರೆಸಿದ್ದು ಮೂರನೆಯ ಪ್ರಯೋಗ. ಅಂಗಡಿಗಳಲ್ಲಿ ಚೀಟಿಯಿಲ್ಲದೆ ಸಿಗುವ ಹಲವು ಕ್ರೀಮುಗಳಲ್ಲಿ ಬೂಷ್ಟಿನ ಔಷಧದ ಜೊತೆಗೆ ಕ್ಲೋಬೆಟಸಾಲ್ ಎಂಬ ತೀಕ್ಷ್ಣ ಸ್ಟಿರಾಯ್ಡ್ ಇರುತ್ತದೆ. ಅದೊಂದೇ ಏನು ಮಾಡುತ್ತದೆಂದು ನೋಡಬೇಕಿತ್ತು. ಒಂದು ಗುಂಪಿಗೆ ಟರ್ಬಿನಾಫಿನ್ ಎಂಬ ಬೂಷ್ಟಿನ ಔಷಧ, ಒಂದಕ್ಕೆ ಬರೀ ಕ್ಲೋಬೆಟಸಾಲ್, ಒಂದಕ್ಕೆ ಏನೂ ಇಲ್ಲ. ಒಂದು ವಾರ ಹಚ್ಚಿದೆ. ಯಾವ ಪಂಜರಕ್ಕೆ ಯಾವ ಔಷಧವೆಂದು ತಿಳಿಯದ ಸಹೋದ್ಯೋಗಿಯ ಕೈಯಲ್ಲಿ ಅಂಕ ಹಾಕಿಸಿದೆ. ಎಲ್ಲಕ್ಕಿಂತ ಚೆನ್ನಾಗಿ ಗುಣವಾಗಿದೆ ಎಂದು ಅವರು ಗುರುತಿಸಿದ್ದು ಸ್ಟಿರಾಯ್ಡ್ ಗುಂಪನ್ನು. ಬೆನ್ನು ತಣ್ಣಗೆ, ಬೆಳ್ಳಗೆ ಇತ್ತು.

ಪ್ರತಿ ಬೆನ್ನಿನಿಂದ ಹತ್ತು ಕೂದಲು ಕಿತ್ತು ತಟ್ಟೆಯಲ್ಲಿಟ್ಟೆವು. ಇಲ್ಲೂ ಒಂದು ಎಚ್ಚರ ಬೇಕು. ಔಷಧ ಹಚ್ಚಿದ ಮರುದಿನವೇ ಕೂದಲು ಕಿತ್ತರೆ ಔಷಧವೂ ಅದರ ಜೊತೆ ತಟ್ಟೆಗೆ ಬಂದು ಬೂಷ್ಟನ್ನು ತಡೆಹಿಡಿಯುತ್ತದೆ. ವಾಸಿಯಾಯಿತೆಂದು ತಟ್ಟೆಯೇ ಸುಳ್ಳು ಹೇಳುತ್ತದೆ. ಕೆಲವು ದಿನ ಬಿಟ್ಟು ಕೀಳಬೇಕು. ಹಾಗೆ ಕಿತ್ತು, ವಾರ ಕಾದು ಮುಚ್ಚಳ ತೆಗೆದಾಗ ಟರ್ಬಿನಾಫಿನ್ ತಟ್ಟೆಗಳು ಬಹುಮಟ್ಟಿಗೆ ಖಾಲಿ. ಸ್ಟಿರಾಯ್ಡ್ ತಟ್ಟೆಗಳಲ್ಲಿ ಹೆಚ್ಚುಕಡಿಮೆ ಪ್ರತಿ ಕೂದಲಿನ ಸುತ್ತಲೂ ಬಿಳಿ ಹಿಟ್ಟು ಚೆಲ್ಲಿದಂತೆ ಬೂಷ್ಟು. ಅಷ್ಟರಲ್ಲಿ ಕ್ರೀಮು ನಿಂತಿದ್ದ ಆ ಬೆನ್ನುಗಳಲ್ಲಿ ಕೆಂಪು ಮರಳಿ ಬಂದು, ನಾನು ಬೋಳಿಸಿದ ಚೌಕವನ್ನೂ ದಾಟಿ ಹರಡಿತ್ತು. ಏನೂ ಹಚ್ಚದ ಗುಂಪು ಅವಕ್ಕಿಂತ ಮೊದಲೇ ಗುಣವಾಯಿತು.

ಕೆಂಪು, ತುರಿಕೆ, ಹೊಟ್ಟು ಇವೆಲ್ಲ ಬೂಷ್ಟಿನ ಕೆಲಸವೆಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ. ಬಹುಪಾಲು ಅದು ಚರ್ಮ ಬೂಷ್ಟಿನ ಜೊತೆ ನಡೆಸುವ ಹೋರಾಟ. ಸ್ಟಿರಾಯ್ಡ್ ಆ ಹೋರಾಟವನ್ನೇ ನಿಲ್ಲಿಸುತ್ತದೆ. ಸದ್ದಡಗಿದ ಮನೆಯಲ್ಲಿ ಬೂಷ್ಟು ಆರಾಮಾಗಿ ಸಂಸಾರ ಹೂಡುತ್ತದೆ.

ಗಿನಿಪಿಗ್‌ಗಳಿಂದ ಮನುಷ್ಯರಿಗೆ ದೊರೆತದ್ದು ಸಣ್ಣದಲ್ಲ. 1958ರಲ್ಲಿ ಗ್ಲಾಸ್ಗೋದಲ್ಲಿ ಜೆಂಟಲ್ಸ್ ಎಂಬ ವಿಜ್ಞಾನಿ ಸೋಂಕು ತಗುಲಿದ ಗಿನಿಪಿಗ್‌ಗಳಿಗೆ ಗ್ರಿಸಿಯೋಫಲ್ವಿನ್ ಬಾಯಿಯ ಮೂಲಕ ಕೊಟ್ಟು ಗುಣಪಡಿಸಿದರು. ಅದಕ್ಕೆ ಮೊದಲು ತಲೆಯ ಹುಳುಕಡ್ಡಿಗೆ ಮಕ್ಕಳ ತಲೆಗೆ ಎಕ್ಸ್‌ರೇ ಹಾಯಿಸಿ ಕೂದಲು ಉದುರಿಸುತ್ತಿದ್ದರು. ಆ ಕಷ್ಟ ತಪ್ಪಿದ್ದು ಈ ಮಾತ್ರೆಯಿಂದ. ಹಾಗೆಂದು ಎಲ್ಲ ಪ್ರಶ್ನೆಯನ್ನೂ ಆ ಬೆನ್ನಿಗೆ ಕೇಳುವುದು ತಪ್ಪು. ಮನುಷ್ಯನಿಗೇ ಒಗ್ಗಿಹೋದ ಟ್ರೈಕೋಫೈಟನ್ ರೂಬ್ರಮ್ ಅಲ್ಲಿ ಸರಿಯಾಗಿ ಬೇರೂರುವುದಿಲ್ಲ. ಈಗ ನಮ್ಮ ದೇಶದ ಮನೆಮನೆಗಳಲ್ಲಿ ಹಬ್ಬುತ್ತಿರುವ, 2020ರಲ್ಲಿ ಟ್ರೈಕೋಫೈಟನ್ ಇಂಡೋಟಿನಿಯೆ ಎಂದು ಹೆಸರು ಪಡೆದ ಬೂಷ್ಟಿನಲ್ಲಿ ಸ್ಕ್ವಾಲಿನ್ ಎಪಾಕ್ಸಿಡೇಸ್ ಎಂಬ ಒಂದು ಕಿಣ್ವದ ಸಣ್ಣ ಬದಲಾವಣೆ ಟರ್ಬಿನಾಫಿನ್ ನಾಟದಂತೆ ಮಾಡುತ್ತದೆ. ಅದನ್ನು ತಿಳಿಯಲು ನಳಿಕೆಯಲ್ಲಿ ಔಷಧ ಪರೀಕ್ಷೆ, ಜೀನ್ ಓದುವುದು ಸಾಕು. ಅದಕ್ಕಾಗಿ ಪ್ರಾಣಿ ಬೇಕೆಂಬ ಅರ್ಜಿಯನ್ನು ಈಗ ನಾನು ಬರೆಯುವುದಿಲ್ಲ. ಪ್ರಯೋಗದ ಕೊನೆಯ ದಿನ ಚರ್ಮದ ತುಂಡಿಗಾಗಿ ಅವುಗಳ ಜೀವ ತೆಗೆಯಬೇಕಾಗುತ್ತಿತ್ತು. ಆ ಬೆಳಿಗ್ಗೆಯೂ ಅಣ್ಣ ಸೊಪ್ಪು ಕೊಡದೆ ಇರುತ್ತಿರಲಿಲ್ಲ.

ಆ ಸ್ಟಿರಾಯ್ಡ್ ಪ್ರಯೋಗ ಮುಗಿದ ತಿಂಗಳು ಊರಿಗೆ ಹೋದಾಗ ದೊಡ್ಡಮ್ಮನ ಕಪಾಟಿನಲ್ಲಿ ಖಾಲಿ ಟ್ಯೂಬುಗಳ ಒಂದು ಚೀಲ ಕಂಡೆ. ಒಂದನ್ನು ತಿರುಗಿಸಿ ಸಣ್ಣಕ್ಷರ ಓದಿದೆ. ಕ್ಲೋಬೆಟಸಾಲ್. ಸೀರೆ ಸರಿಸಿ ತೋರಿಸಲು ಅವರು ಬಹಳ ಹಿಂಜರಿದರು. ಸೊಂಟದಿಂದ ತೊಡೆಯವರೆಗೆ ನಕಾಶೆಯಂತೆ ಹರಡಿತ್ತು. ಚರ್ಮ ತೆಳ್ಳಗಾಗಿ ಗೀರುಗೀರು ಬಿದ್ದಿತ್ತು.

ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕ್ರೀಮು ನಿಲ್ಲಿಸಿದ ಮೊದಲ ವಾರ ತುರಿಕೆ ಹೇಳತೀರದು. ರಾತ್ರಿ ಫೋನು ಮಾಡಿ, "ಒಂದೇ ಒಂದು ಸಲ ಹಚ್ಚುತ್ತೇನೆ ಮಗಾ" ಎಂದು ಬೇಡಿದರು. ಬೇಡ ಎನ್ನಲು ನನಗೆ ಧೈರ್ಯ ಕೊಟ್ಟದ್ದು ಆ ಬಿಳಿಹಿಟ್ಟಿನ ತಟ್ಟೆಗಳ ನೆನಪು. ಇಟ್ರಾಕೊನಜೋಲ್ ಮಾತ್ರೆ ವಾರಗಟ್ಟಲೆ ನಡೆಯಿತು. ಒಳಬಟ್ಟೆಗೆ ಇಸ್ತ್ರಿ ಹಾಕಿ ಒಣಗಿಸಿಯೇ ಉಡುವ ಅಭ್ಯಾಸ ಮನೆಯವರಿಗೆಲ್ಲ ಆಯಿತು.

ಮುಂದಿನ ಸಲ ಹೋದಾಗ ಅವರೇ ಬೆಳಕಿಗೆ ಬಂದು ನಿಂತರು. "ನೋಡು, ಪೂರಾ ಮಾಸಿತು. ಇನ್ನು ಮಾತ್ರೆ ಬಿಡಬಹುದಲ್ಲ?"

"ಮಾಸಿದೆ ದೊಡ್ಡಮ್ಮ," ಎಂದೆ. "ಆದರೂ ಅಂಚಿನಲ್ಲಿ ಒಂಚೂರು ಕೆರೆದು ತೆಗೆದುಕೊಳ್ಳುತ್ತೇನೆ." ಚೀಲದಿಂದ ಗಾಜಿನ ಪಟ್ಟಿ ತೆಗೆದೆ.