ನೋಟ್‌ಬುಕ್ ರಾಶಿ ಮನೆಗೆ ಬರಬೇಕಿಲ್ಲ

ಮೇಡಂ, ನಲಿ-ಕಲಿ ತರಗತಿ, ಬಿಸಿಯೂಟದ ಲೆಕ್ಕ, ಸ್ಯಾಟ್ಸ್ ತಂತ್ರಾಂಶದ ಎಂಟ್ರಿ, ಮೇಲಿಂದ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕೆಲಸ. ಇಷ್ಟೆಲ್ಲ ಒಬ್ಬರ ತಲೆ ಮೇಲೆ ಬಿದ್ದರೆ ಯಾರೇ ಆದರೂ ಬಸವಳಿಯುತ್ತಾರೆ; ನಿಮ್ಮನ್ನೇ ಹಳಿದುಕೊಳ್ಳಬೇಡಿ.

ಮೊದಲು ನೋಟ್‌ಬುಕ್ ತಿದ್ದುವುದನ್ನು ಹಗುರ ಮಾಡಿಕೊಳ್ಳಿ. ಉಕ್ತಲೇಖನ, ಲೆಕ್ಕಗಳ ಉತ್ತರವನ್ನು ಬೋರ್ಡಿನ ಮೇಲೆ ಬರೆದು ಮಕ್ಕಳೇ ತಿದ್ದಿಕೊಳ್ಳಲಿ. ನೀವು ದಿನಕ್ಕೊಂದು ಸಾಲಿನ ಮಕ್ಕಳದ್ದನ್ನು ಅವರೆದುರಿಗೇ ನೋಡಿ. ತಪ್ಪಾದ ಕೂಡಲೇ ಪಕ್ಕದಲ್ಲಿ ಕೂತು ಹೇಳಿದ್ದು ಮಗುವಿಗೆ ನಾಟುತ್ತದೆ; ಮೂರು ದಿನ ಕಳೆದು ಬಂದ ಕೆಂಪು ಗೀಟು ನಾಟುವುದು ಕಡಿಮೆ.

ಬಿಸಿಯೂಟ, ಹಾಲಿನ ದಾಖಲೆಗಳನ್ನು ಸರದಿಯಂತೆ ಹಂಚಲು ಮುಖ್ಯಶಿಕ್ಷಕರನ್ನು ಸಭೆಯಲ್ಲೇ ಕೇಳಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ನಿಯೋಜಿಸುವಂತಿಲ್ಲ. ಬಿಎಲ್‌ಒ ಕೆಲಸ ಚುನಾವಣೆಗೆ ಸೇರಿದ್ದರಿಂದ ಅದನ್ನು ತಪ್ಪಿಸಿಕೊಳ್ಳುವುದು ಕಷ್ಟ. ಉಳಿದವಕ್ಕೆ ಲಿಖಿತ ಆದೇಶ ಕೇಳಿ, ಶಿಕ್ಷಕರ ಸಂಘದವರ ಜೊತೆ ಹೋಗಿ ಬಿಇಒ ಅವರಿಗೆ ಮನವಿ ಕೊಡಿ.